ಮುಂಗೋಪಿ ಕರುಳಿಗೆ ಎಂಥ ಊಟ?

ಬಸ್ಸು ಹತ್ತುವ ಮುನ್ನ ಎರಡು ಸಲ ಶೌಚಕ್ಕೆ ಓಡುವವರು, ಮದುವೆ ಮನೆಯ ಊಟವೆಂದರೆ ಹೆದರುವವರು ನಿಮ್ಮ ಮನೆಯಲ್ಲೂ ಇರಬಹುದು. ಹೊಟ್ಟೆ ನುಲಿತ, ಉಬ್ಬರ, ನಾಲ್ಕು ದಿನ ಭೇದಿ, ಮತ್ತೆ ನಾಲ್ಕು ದಿನ ಮಲಬದ್ಧತೆ. ಪರೀಕ್ಷೆಗಳಲ್ಲಿ ಮಾತ್ರ ಏನೂ ದೋಷ ಕಾಣದು. 'ಎಲ್ಲ ನಿನ್ನ ಭ್ರಮೆ' ಎಂದು ಮನೆಯವರು ಗದರುತ್ತಾರೆ.

ಇದು ಭ್ರಮೆಯಲ್ಲ. ಇರಿಟಬಲ್ ಬವೆಲ್ ಸಿಂಡ್ರೋಮ್, ಅಂದರೆ ಐಬಿಎಸ್ ಎಂಬ ನಿಜವಾದ ತೊಂದರೆ. ಕರುಳಿನಲ್ಲಿ ಹುಣ್ಣಿಲ್ಲ, ಗಡ್ಡೆಯಿಲ್ಲ. ಆದರೆ ಅದರ ಚಲನೆ ಏರುಪೇರಾಗಿರುತ್ತದೆ. ಸ್ವಲ್ಪ ವಾಯು ತುಂಬಿದರೂ ನರಗಳು ಅದನ್ನು ನೋವೆಂದೇ ಮಿದುಳಿಗೆ ತಿಳಿಸುತ್ತವೆ. ಕರುಳು ಮುಂಗೋಪಿಯಾಗಿದೆ ಎನ್ನಿ.

ಇಂಥವರಿಗೆ ಸಿಗುವ ಮೊದಲ ಬುದ್ಧಿಮಾತು 'ನಾರು ಜಾಸ್ತಿ ತಿನ್ನಿ' ಎಂಬುದು. ಇದು ಅರ್ಧ ಸತ್ಯ. ಕರಿದ ತಿಂಡಿ, ಬೇಕರಿ ತಿನಿಸು, ಪೊಟ್ಟಣದ ಕುರುಕಲು ಬಿಟ್ಟು ಧಾನ್ಯ, ತರಕಾರಿ, ಹಣ್ಣಿನ ಮನೆಯೂಟಕ್ಕೆ ಮರಳುವುದು ಒಳ್ಳೆಯದೇ. ಆದರೆ ನಾರೆಲ್ಲ ಒಂದೇ ಅಲ್ಲ. ಗೋಧಿ ತೌಡಿನ ಒರಟು ನಾರು ಹಲವರಲ್ಲಿ ಉಬ್ಬರವನ್ನು ಹೆಚ್ಚಿಸುತ್ತದೆ. ನೀರಿನಲ್ಲಿ ಲೋಳೆಯಾಗುವ ಇಸಬ್‌ಗೋಲಿನಂಥ ನಾರು ಹಿತ. ಅಮೆರಿಕದ ಜಠರ-ಕರುಳು ತಜ್ಞರ ಸಂಘದ 2021ರ ಮಾರ್ಗಸೂಚಿಯೂ ಇದನ್ನೇ ಹೇಳಿದೆ.

ಇನ್ನೊಂದು ಸಂಗತಿಯೂ ಇದೆ. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಕಡಲೆ, ರಾಜ್ಮಾ, ಹಾಲು, ಸೇಬು, ಮಾವು ಎಲ್ಲವೂ ಒಳ್ಳೆಯ ಆಹಾರವೇ. ಆದರೆ ಇವುಗಳಲ್ಲಿರುವ ಕೆಲವು ಸಕ್ಕರೆಗಳು ಸಣ್ಣ ಕರುಳಿನಲ್ಲಿ ಪೂರ್ತಿ ಹೀರಲ್ಪಡದೆ ದೊಡ್ಡ ಕರುಳಿಗೆ ಇಳಿದು ಹುದುಗಿ ವಾಯುವಾಗುತ್ತವೆ. ಇವನ್ನು ಮಿತಗೊಳಿಸುವ ಪಥ್ಯವನ್ನು ರೂಪಿಸಿದವರು ಆಸ್ಟ್ರೇಲಿಯದ ಮೊನಾಶ್ ವಿಶ್ವವಿದ್ಯಾಲಯದ ತಜ್ಞರು. ಅದರ ಹೆಸರು 'ಲೋ ಫಾಡ್‌ಮ್ಯಾಪ್'.

ಹಾಗೆಂದು ಎಲ್ಲವನ್ನೂ ಶಾಶ್ವತವಾಗಿ ಬಿಡಬೇಡಿ. ಅದು ಪೋಷಣೆಗೂ ಕರುಳಿನ ಹಿತಕಾರಿ ಬ್ಯಾಕ್ಟೀರಿಯಾಗಳಿಗೂ ಕೇಡು. ನಾಲ್ಕರಿಂದ ಆರು ವಾರ ಬಿಟ್ಟು, ಆಮೇಲೆ ಒಂದೊಂದನ್ನೇ ಸ್ವಲ್ಪ ಸ್ವಲ್ಪವಾಗಿ ಸೇರಿಸಿ ನೋಡಿ. ತಿಂದದ್ದನ್ನೂ ಆದದ್ದನ್ನೂ ಪುಸ್ತಕದಲ್ಲಿ ಬರೆದಿಡಿ. ಸಾಧ್ಯವಾದರೆ ಆಹಾರ ತಜ್ಞರ ನೆರವು ಪಡೆಯಿರಿ.

ಅಡುಗೆಮನೆಯಲ್ಲೂ ಉಪಾಯಗಳಿವೆ. ಅನ್ನ, ಕ್ಯಾರೆಟ್, ಸೌತೆಕಾಯಿ, ಪಪ್ಪಾಯಿ ಸಾಮಾನ್ಯವಾಗಿ ಒಗ್ಗುತ್ತವೆ. ಕಾಳುಗಳನ್ನು ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಿ. ಬೆಳ್ಳುಳ್ಳಿಯ ರುಚಿ ಬೇಕೆಂದರೆ ಎಣ್ಣೆಯಲ್ಲಿ ಬಾಡಿಸಿ, ಎಸಳು ತೆಗೆದುಬಿಡಿ. ವಾಯು ತರುವ ಅಂಶ ಎಣ್ಣೆಯಲ್ಲಿ ಕರಗದು. ಹಾಲು ಒಗ್ಗದ ಎಷ್ಟೋ ಮಂದಿಗೆ ಮೊಸರು ಒಗ್ಗುತ್ತದೆ. ಹೊತ್ತಿಗೆ ಸರಿಯಾಗಿ, ನಿಧಾನವಾಗಿ ಉಣ್ಣಿ.

ಒಂದು ಎಚ್ಚರಿಕೆ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ಜ್ವರ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ ಇದ್ದರೆ, ಅಥವಾ 50 ದಾಟಿದ ಮೇಲೆ ಮೊದಲ ಸಲ ಈ ತೊಂದರೆ ಕಾಣಿಸಿಕೊಂಡರೆ, ಪಥ್ಯ ಮಾಡುತ್ತ ಕೂರಬೇಡಿ, ವೈದ್ಯರನ್ನು ಕಾಣಿ. ಗೋಧಿ ಬಿಡುವ ಮೊದಲು ಸೀಲಿಯಾಕ್ ಕಾಯಿಲೆಯ ರಕ್ತಪರೀಕ್ಷೆ ಮಾಡಿಸಿ; ಬಿಟ್ಟ ಮೇಲೆ ಅದು ಪತ್ತೆಯಾಗದೆ ಹೋಗಬಹುದು.

ಮನೆಯವರಿಗೂ ಒಂದು ಮಾತು. ತಟ್ಟೆಯಲ್ಲಿ ಪಲ್ಯ ಬಿಟ್ಟವರನ್ನು 'ನಖರಾ' ಎಂದು ಹಂಗಿಸಬೇಡಿ. ಆತಂಕ ಹೆಚ್ಚಿದಷ್ಟೂ ಈ ಕರುಳು ಕೆರಳುತ್ತದೆ.