ಸೈಕಲ್ಲಿಗೆ ಮೋಟಾರು ಸರಿ, ಕಂತು ಯಾರ ತಲೆಗೆ?



ಕಳೆದ ವರ್ಷ ಬೇಸಿಗೆಯಲ್ಲಿ ನಮ್ಮ ಖೋಲಿಯ ಹುಡುಗನೊಬ್ಬನು ತನ್ನ ಸೈಕಲ್ಲಿಗೆ ವಿದ್ಯುತ್ ಮೋಟಾರು ಹಾಕಿಸಿಕೊಂಡು ಬಂದನು. ಹೋಟೆಲಿನಿಂದ ಆಫೀಸುಗಳಿಗೆ, ಅಂಗಡಿಗಳಿಗೆ, ಮನೆಗಳಿಗೆ ಪಾರ್ಸಲು ಮುಟ್ಟಿಸುವುದು ಅವನ ಕೆಲಸ. ಹಿಂದೆ ನಾನೂ ಅದೇ ಕೆಲಸ ಮಾಡಿದವನು. ಹ್ಯಾಂಡಲಿಗೆ ಸಾಂಬಾರಿನ ಡಬ್ಬ ತೂಗುಹಾಕಿಕೊಂಡು ಸೇತುವೆ ಏರುವಾಗ ಮೊಣಕಾಲು ಏನು ಹೇಳುತ್ತದೆಂಬುದು ನನಗೆ ಗೊತ್ತು. ಆ ಸಂಜೆ ಚಾಳಿನ ಅಂಗಳದಲ್ಲಿ ಪೆಡಲು ತುಳಿಯದೆ ಅವನು ಮೂರು ಸುತ್ತು ಬಂದಾಗ ನಾವೆಲ್ಲ ಚಪ್ಪಾಳೆ ತಟ್ಟಿದೆವು. ನಾನೂ ಒಂದು ಸುತ್ತು ಹೊಡೆದೆ. ಖುಷಿಯಾಯಿತು ಎಂದು ಒಪ್ಪಿಕೊಳ್ಳುತ್ತೇನೆ.

ನಮ್ಮ ಚಾಳಿನಲ್ಲಿ ಗಿರಣಿಯ ಸಾಚಾ ಖಾತೆಯಲ್ಲಿ ದುಡಿದ ಹಿರಿಯರೊಬ್ಬರಿದ್ದಾರೆ, ಬೆಳಗಾವಿ ಕಡೆಯವರು. 1982ರ ಮುಷ್ಕರದ ತನಕ ಮಗ್ಗ ನಡೆಸಿದವರು. ಅವರು ಚಪ್ಪಾಳೆ ತಟ್ಟಲಿಲ್ಲ. “ಎಷ್ಟು ಕೊಟ್ಟಿ ತಮ್ಮಾ?” ಎಂದು ಕೇಳಿದರು. ಒಟ್ಟು ಇಪ್ಪತ್ತೆರಡು ಸಾವಿರ. ಏಳು ಸಾವಿರ ನಗದು, ಉಳಿದದ್ದು ತಿಂಗಳಿಗೆ 1,150 ರೂಪಾಯಿಯಂತೆ ಹದಿನೈದು ಕಂತು ಎಂದನು. “ಯಾರ ಕೆಲಸಕ್ಕ?” ಎಂದರು. “ಹೋಟೆಲಿನ ಕೆಲಸಕ್ಕೆ.” ಆಗ ಹಿರಿಯರು, “ನಾ ಹನ್ನೊಂದು ವರ್ಷ ಮಗ್ಗ ನಡಿಸೀನಿ. ಒಂದು ದಿನಾನೂ ಮಗ್ಗ ಮನಿಯಿಂದ ಹೊತ್ತಕೊಂಡು ಹೋಗಿಲ್ಲಪಾ” ಎಂದು ಒಳಗೆ ಹೋದರು.

ಹುಡುಗನಿಗೆ ಈ ಆಸೆ ಹುಟ್ಟಿದ್ದು ಮೊಬೈಲಿನಲ್ಲಿ. ಅಮೇರಿಕದ ಕ್ಯಾಲಿಫೋರ್ನಿಯಾದ ಕಡಲ ಬದಿಯಲ್ಲಿ ಜನರು ದಪ್ಪ ಟಯರಿನ, ಅಗಲ ಹ್ಯಾಂಡಲಿನ ಸೈಕಲ್ಲುಗಳಲ್ಲಿ ನೆಟ್ಟಗೆ ಕುಳಿತು ತಿರುಗಾಡುತ್ತಾರೆ. ಬೀಚ್ ಕ್ರೂಸರ್ ಎಂದು ಅದರ ಹೆಸರು. ಅದರ ಮೂಲ ಹಳೆಯದು: ಶಿಕಾಗೋದ ಶ್ವಿನ್ ಕಂಪನಿಯವರು 1933ರಲ್ಲಿ ಎರಡೂ ಚಿಲ್ಲರೆ ಇಂಚು ದಪ್ಪದ ಬಲೂನ್ ಟಯರು ಹಾಕಿ ಹೊರತಂದ ಭಾರಿ ಸೈಕಲ್ಲು. ಗೇರಿಲ್ಲ. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಂದಿನ ಗಾಲಿಗೆ ಬ್ರೇಕು. ಭಾರವಾದ್ದರಿಂದ ಏರಿನಲ್ಲಿ ಕಷ್ಟ. ಅದಕ್ಕೆ ಈಗ ಅಲ್ಲಿಯ ಜನ ಮುಂದಿನ ಗಾಲಿಗೆ ಮೋಟಾರು ಕೂರಿಸುತ್ತಾರೆ. ಮುಂದಿನದಕ್ಕೇ ಏಕೆಂದರೆ ಹಿಂದಿನ ಹಬ್ ಬದಲಿಸಿದರೆ ಆ ಪೆಡಲು ಬ್ರೇಕು ಹೋಗುತ್ತದೆ. ಉಕ್ಕಿನ ಚೌಕಟ್ಟು, ದಪ್ಪ ಟಯರು, ನಿಧಾನದ ಸವಾರಿ: ಮೋಟಾರಿಗೆ ಒಗ್ಗುವ ಸೈಕಲ್ಲೇ ಅದು. ಆದರೆ ಅಲ್ಲಿ ಕಡಲಗಾಳಿ ತಿನ್ನಲು ಹೊರಟವನು ತನ್ನ ಕಿಸೆಯಿಂದ ಖರ್ಚು ಮಾಡಿ ತನ್ನ ಸುಖಕ್ಕೇ ಓಡಿಸುತ್ತಾನೆ. ನಮ್ಮ ಹುಡುಗನು ತನ್ನ ಕಿಸೆಯಿಂದ ಖರ್ಚು ಮಾಡಿದ್ದು ಮತ್ತೊಬ್ಬರ ಮಸಾಲೆ ದೋಸೆ ಆರದಿರಲೆಂದು.

ಮುಂದೇನಾಯಿತೆಂದು ಕೇಳಿರಿ. ಮೊದಲ ವಾರ ಅವನಿಗೆ ನಿಜವಾಗಿಯೂ ಸುಖವಾಯಿತು. ಮಧ್ಯಾಹ್ನದ ಗಲಾಟೆ ಮುಗಿದ ಮೇಲೆ ಅರ್ಧ ಗಂಟೆ ಮಲಗುವಷ್ಟು ಹೊತ್ತು ಉಳಿಯಿತು. ಮೂರನೆಯ ವಾರ ಧಣಿಗಳು ಗಲ್ಲದಲ್ಲಿ ಕುಳಿತು ಅವನ ಬೆನ್ನು ತಟ್ಟಿದರು. ಫೋನಿನಲ್ಲಿ ದೂರದ ಆರ್ಡರುಗಳನ್ನೂ ತೆಗೆದುಕೊಳ್ಳತೊಡಗಿದರು. ಮೊದಲು ಹೋಟೆಲಿನಿಂದ ಒಂದೂವರೆ ಕಿಲೋಮೀಟರಿನೊಳಗೆ ದಿನಕ್ಕೆ ಇಪ್ಪತ್ತು ಸರದಿ ಇದ್ದದ್ದು, ಎರಡು ತಿಂಗಳೊಳಗೆ ಮೂರು ಕಿಲೋಮೀಟರಿನ ತನಕ ಮೂವತ್ತು ಸರದಿಯಾಯಿತು. ಅರ್ಧ ಗಂಟೆಯ ನಿದ್ರೆ ಹೋಯಿತು. ಪಗಾರ ಅಷ್ಟೇ ಉಳಿಯಿತು. ಧಣಿಗಳು ಕೆಟ್ಟವರೆಂದು ನಾನು ಹೇಳುತ್ತಿಲ್ಲ; ಊಟಕ್ಕೆ, ಊರಿಗೆ ಹೋಗುವ ರಜೆಗೆ ಕೊರತೆ ಮಾಡಿದವರಲ್ಲ. ಎದುರಿಗೆ ಬೇಗ ಓಡುವ ಕಾಲು ಕಂಡಿತು, ಉಪಯೋಗಿಸಿದರು. ಹುಡುಗನು ತಾನೇ ದುಡ್ಡು ಕೊಟ್ಟು ತನ್ನ ಕೆಲಸವನ್ನು ಹೆಚ್ಚಿಸಿಕೊಂಡಂತಾಯಿತು.

ವಿದ್ಯುತ್ತಿನ ಲೆಕ್ಕವನ್ನೂ ನೋಡೋಣ. ಅವನ ಬ್ಯಾಟರಿ 36 ವೋಲ್ಟು, 10 ಆಂಪಿಯರ್ ಅವರ್. ಗುಣಿಸಿದರೆ 360 ವ್ಯಾಟ್ ಅವರ್, ಅಂದರೆ ಒಂದು ಯೂನಿಟ್ಟಿನ ಮೂರನೆಯ ಒಂದಂಶಕ್ಕಿಂತ ಸ್ವಲ್ಪ ಹೆಚ್ಚು. ಚಾರ್ಜರಿನಲ್ಲಿ ನಷ್ಟವಾಗುವುದನ್ನು ಸೇರಿಸಿ, ಯೂನಿಟ್ಟಿಗೆ ಹತ್ತು ರೂಪಾಯಿ ಹಿಡಿದರೂ ಒಮ್ಮೆ ತುಂಬಿಸಲು ಐದು ರೂಪಾಯಿಯೊಳಗೆ ಆಗುತ್ತದೆ. ಜೊತೆಗೆ ಪೆಡಲನ್ನೂ ತುಳಿದರೆ ಇಪ್ಪತ್ತೈದು ಮೂವತ್ತು ಕಿಲೋಮೀಟರು ಓಡುತ್ತದೆ. ಬಹಳ ಅಗ್ಗ, ಸಂಶಯವಿಲ್ಲ. ಆದರೆ ಆ ಐದು ರೂಪಾಯಿ ಯಾವ ಮೀಟರಿನಲ್ಲಿ ಓಡಿತು? ಒಂಬತ್ತು ಜನ ಹಂಚಿಕೊಂಡು ಕಟ್ಟುವ ಖೋಲಿಯ ಮೀಟರಿನಲ್ಲಿ. ಹೋಟೆಲಿನ ಪಾರ್ಸಲಿಗೆ ಬೇರೆ ಹೋಟೆಲಿನ ಮಾಣಿಯೂ ಅಡಿಗೆಯವನೂ ಕರೆಂಟು ಕೊಟ್ಟ ಹಾಗಾಯಿತು!

ದುಡ್ಡಿನ ಮಾತು ಹಾಗಿರಲಿ. ಆಗಸ್ಟ್ ತಿಂಗಳ ಒಂದು ರಾತ್ರಿ ಎರಡು ಗಂಟೆಗೆ ಖೋಲಿಯಲ್ಲಿ ಸಿಹಿಸಿಹಿಯಾದ, ಗಂಟಲಿಗೆ ಹಿಡಿಯುವ ವಾಸನೆ ಬಂತು. ಚಾರ್ಜಿಗೆ ಇಟ್ಟ ಬ್ಯಾಟರಿ ಹಾಸಿಗೆಗಳ ತಲೆದೆಸೆಯಲ್ಲಿ, ಬಾಗಿಲ ಪಕ್ಕದಲ್ಲಿಯೇ ಇತ್ತು. ಮುಟ್ಟಿದರೆ ಕೈ ಸುಡುವಷ್ಟು ಬಿಸಿ, ಒಂದು ಮೂಲೆಯಿಂದ ಹೊಗೆ. ಪ್ಲಗ್ಗು ಕಿತ್ತು, ಗೋಣಿಯಲ್ಲಿ ಹಿಡಿದು ಅಂಗಳಕ್ಕೆ ಒಯ್ದು ಹಾಕಿದೆವು. ಹೊಗೆಯಾಡಿ ಆಡಿ ನಿಂತಿತು, ಉರಿ ಏಳಲಿಲ್ಲ. ನಾವು ಮಾಡಿದ್ದು ಹುಚ್ಚುತನ. ಹಾಗೆ ಹೊಗೆ ಬಂದಾಗ ಬ್ಯಾಟರಿಯನ್ನು ಎತ್ತಲು ಹೋಗಬಾರದು. ಮಲಗಿದವರನ್ನೆಲ್ಲ ಎಬ್ಬಿಸಿ ಮೊದಲು ಹೊರಗೆ ಓಡಬೇಕು. ಆದರೆ ಆ ರಾತ್ರಿ ಓಡುವುದೆಲ್ಲಿಗೆ? ಇರುವುದೊಂದೇ ಬಾಗಿಲು, ಅದರ ಪಕ್ಕದಲ್ಲೇ ಬ್ಯಾಟರಿ. ಮರುದಿನ ಮೇಸ್ತ್ರಿಯು ಪೆಟ್ಟಿಗೆ ಬಿಚ್ಚಿದಾಗ, ಹಳೆಯ ಸೆಲ್ಲುಗಳನ್ನು ಹೊಸ ಕವಚದಲ್ಲಿ ಕಟ್ಟಿಕೊಟ್ಟದ್ದು ಕಂಡಿತು. ಮಳೆನೀರು ಒಳಗಿಳಿದ ಕಲೆಯೂ ಇತ್ತು. ಅಂಗಡಿಯವನು ಅದನ್ನು ಹೊಸದೆಂದು ಮಾರಿದ್ದನು.

ಇದು ನಮ್ಮ ಚಾಳಿನ ಕಥೆ ಮಾತ್ರವಲ್ಲ. ನ್ಯೂಯಾರ್ಕ್ ನಗರದಲ್ಲಿ 2023ನೆಯ ಒಂದೇ ವರ್ಷದಲ್ಲಿ ಇಂಥ ಲಿಥಿಯಂ ಬ್ಯಾಟರಿಗಳ ಬೆಂಕಿಗೆ 18 ಜನ ಸತ್ತರು. ಅಲ್ಲಿ ಹೋಟೆಲುಗಳ ಊಟ ಮನೆಮನೆಗೆ ಮುಟ್ಟಿಸುವವರಲ್ಲಿ ಬಹುಮಂದಿ ಮೆಕ್ಸಿಕೋ, ಗ್ವಾಟೆಮಾಲಾ ಮೊದಲಾದ ದೇಶಗಳಿಂದ ಹೊಟ್ಟೆಪಾಡಿಗೆ ಬಂದವರು. ನಮ್ಮವರು ಉಡುಪಿ, ಕುಂದಾಪುರಗಳಿಂದ ಬಂದ ಹಾಗೆಯೇ. ತಾವೇ ದುಡ್ಡು ಹಾಕಿ ವಿದ್ಯುತ್ ಸೈಕಲ್ಲು ಕೊಂಡು, ತಾವಿರುವ ಮನೆಯಲ್ಲಿ ಚಾರ್ಜು ಮಾಡುವವರು. ಅದೇ ವರ್ಷ ಸೆಪ್ಟೆಂಬರಿನಿಂದ, ಸುರಕ್ಷತೆಯ ಪ್ರಮಾಣಪತ್ರವಿಲ್ಲದ ಸೈಕಲ್ಲನ್ನೂ ಬ್ಯಾಟರಿಯನ್ನೂ ಮಾರಕೂಡದೆಂಬ ಕಾನೂನು ಅಲ್ಲಿ ಜಾರಿಗೆ ಬಂತು. ಈ ಕೆಲಸಗಾರರು ಕೊರೋನಾದ 2020ರಲ್ಲಿ ‘ಲಾಸ್ ಡೆಲಿವರಿಸ್ಟಾಸ್ ಉನಿಡೋಸ್’ ಎಂಬ ಹೆಸರಿನಲ್ಲಿ ಒಂದುಗೂಡಿದರು. ಬೀದಿಗಿಳಿದರು. ಮೊಬೈಲ್ ಕಂಪನಿಗಳು ಕೋರ್ಟಿಗೆ ಹೋದರೂ ಕೊನೆಗೆ 2023ರ ಡಿಸೆಂಬರಿನಿಂದ ಗಂಟೆಗೆ 17.96 ಡಾಲರಿನ ಕನಿಷ್ಠ ದರ ಅವರಿಗೆ ಸಿಕ್ಕಿತು. ಆ ದರದ ಲೆಕ್ಕದಲ್ಲಿ ಅವರ ಸವಾರಿಯ ಖರ್ಚೂ ಸೇರಿತ್ತೆಂಬುದನ್ನು ನಾವು ಗಮನಿಸಬೇಕು. ದೊಡ್ಡ ದೊಡ್ಡ ಕಂಪನಿಗಳಿಂದ ಅದನ್ನು ಕಕ್ಕಿಸಿದವರು ಇಂಗ್ಲಿಷು ಸರಿಯಾಗಿ ಬಾರದ ಸೈಕಲ್ ಹುಡುಗರು. ನಮ್ಮ ಧಣಿಗಳು ನಮಗೆ ತುಳುವಿನಲ್ಲೂ ಕನ್ನಡದಲ್ಲೂ ಮಾತಿಗೆ ಸಿಗುತ್ತಾರೆ.

ಹಾಗಾದರೆ ಮೋಟಾರೇ ಬೇಡವೇ ಎಂದು ಕೇಳುವಿರಿ. ಬೇಡವೆಂದು ಹೇಳಲಾರೆ. ನಲವತ್ತರ ಮೇಲೆ ಮೊಣಕಾಲು ಹೋದವರನ್ನು ನಾನು ಬಹಳ ಕಂಡಿದ್ದೇನೆ. ಹಾಕಿಸುವವರು ಕೆಲವು ಸಂಗತಿ ತಿಳಿದಿರಬೇಕು. ಇವು ನಾನು ಆ ಮೇಸ್ತ್ರಿಯ ಪಕ್ಕದಲ್ಲಿ ಎರಡು ಭಾನುವಾರ ಕುಳಿತು ಕಲಿತವು.

ಕಾನೂನಿನ ಪ್ರಕಾರ ನಮ್ಮ ದೇಶದಲ್ಲಿ ಮೋಟಾರಿನ ಶಕ್ತಿ 250 ವ್ಯಾಟಿನೊಳಗೆ, ವೇಗ ಗಂಟೆಗೆ 25 ಕಿಲೋಮೀಟರಿನೊಳಗೆ ಇದ್ದರೆ ಮಾತ್ರ ಲೈಸೆನ್ಸು, ನೋಂದಣಿ ಬೇಡ. ಅಮೇರಿಕದಲ್ಲಿ 2002ರ ಕಾನೂನು 750 ವ್ಯಾಟಿನ ತನಕ ಸೈಕಲ್ಲೆಂದೇ ಒಪ್ಪುತ್ತದೆ. ಅಲ್ಲಿಯ ವಿಡಿಯೋ ನೋಡಿ ಇಲ್ಲಿ ದೊಡ್ಡ ಮೋಟಾರು ಹಾಕಿಸಿದರೆ ಅದು ಸೈಕಲ್ಲಲ್ಲ, ನಂಬರಿಲ್ಲದ, ವಿಮೆಯಿಲ್ಲದ ಮೋಟಾರು ವಾಹನ. ಯಾರಿಗಾದರೂ ಗುದ್ದಿದರೆ ಪೊಲೀಸರು ಕೇಳುವುದು ಹುಡುಗನನ್ನೇ.

ನಮ್ಮ ಹಳೆಯ ಕರಿ ಸೈಕಲ್ಲಿನ ಮುಂದಿನ ಗಾಲಿಗೆ 32 ಕಡ್ಡಿ, ಹಿಂದಿನದಕ್ಕೆ 40. ಮೋಟಾರಿನ ಹಬ್ಬಿಗೆ ಸಾಮಾನ್ಯವಾಗಿ 36 ತೂತು. ಆದುದರಿಂದ ಹಳೆಯ ರಿಮ್ಮಿಗೆ ಅದು ಕೂರುವುದಿಲ್ಲ, ಗಾಲಿಯನ್ನೇ ಹೊಸದಾಗಿ ಹೆಣೆಯಬೇಕು. ಮೋಟಾರಿನ ಅಚ್ಚು ದಪ್ಪ. ಮುಂದಿನ ಚಿಮಟಾದ ಸೀಳನ್ನು ಅರದಿಂದ ಉಜ್ಜಿ ಅಗಲ ಮಾಡುತ್ತಾರೆ. ಉಜ್ಜಿದಷ್ಟು ಕಬ್ಬಿಣ ಬಡವಾಗುತ್ತದೆ. ಮೋಟಾರು ಗಾಲಿಯನ್ನು ಮುಂದಕ್ಕೆ ತಿರುಗಿಸುವಾಗ ಅಚ್ಚು ಹಿಂದಕ್ಕೆ ತಿರುಚಲು ನೋಡುತ್ತದೆ; ಸೀಳು ಸಡಿಲಾದರೆ ಅಚ್ಚು ಸುತ್ತಿಕೊಂಡು ತಂತಿ ಹರಿಯುತ್ತದೆ, ಗಾಲಿ ಕಳಚಬಹುದು. ಅದನ್ನು ತಡೆಯಲು ಅಚ್ಚಿಗೂ ಚಿಮಟಾಕ್ಕೂ ಸೇರಿಸಿ ಕಟ್ಟುವ ಉಕ್ಕಿನ ಪಟ್ಟಿಯೊಂದಿದೆ, ಟಾರ್ಕ್ ಆರ್ಮ್ ಎನ್ನುತ್ತಾರೆ. ನಮ್ಮ ಹುಡುಗನಿಗೆ ಅಂಗಡಿಯವನು ಅದನ್ನು ಹಾಕಿರಲೇ ಇಲ್ಲ.

ಎಲ್ಲಕ್ಕಿಂತ ಮುಖ್ಯ ಬ್ರೇಕು. ಕಂಬಿ ಬ್ರೇಕಿನ ರಬ್ಬರು ಹೊಳಪಿನ ಉಕ್ಕಿನ ರಿಮ್ಮಿನ ಮೇಲೆ, ಮಳೆಯಲ್ಲಿ ಹೇಗೆ ಜಾರುತ್ತದೆಂದು ಮುಂಬಯಿಯಲ್ಲಿ ಒಂದು ಜುಲೈ ಕಳೆದವನಿಗೆಲ್ಲ ಗೊತ್ತು. ವೇಗ ಇಮ್ಮಡಿಯಾದರೆ ಬ್ರೇಕು ನುಂಗಬೇಕಾದ ಶಕ್ತಿ ನಾಲ್ಮಡಿ. ಹನ್ನೆರಡರ ವೇಗಕ್ಕೆ ಮಾಡಿದ ಬ್ರೇಕಿನ ಮೇಲೆ ಇಪ್ಪತ್ನಾಲ್ಕರಲ್ಲಿ, ಹಿಂದೆ ಹದಿನೈದು ಕಿಲೋ ಪಾರ್ಸಲು ಹೇರಿಕೊಂಡು ಹೋಗುವುದೆಂದರೆ ಏನು? ಮೋಟಾರು ಬರುವ ಮೊದಲು ಅಲ್ಯುಮಿನಿಯಂ ರಿಮ್ಮು, ಒಳ್ಳೆಯ ಬ್ರೇಕು ಬರಬೇಕು. ಬ್ರೇಕು ಹಿಡಿದೊಡನೆ ಮೋಟಾರನ್ನು ನಿಲ್ಲಿಸುವ ಹಿಡಿಯೂ ಇರಬೇಕು. ಬ್ಯಾಟರಿಗೆ ಅದರದೇ ಚಾರ್ಜರು, ಬಿಲ್ಲು, ಕಂಪನಿಯ ಹೆಸರು. ಲಿಥಿಯಂನಲ್ಲಿಯೇ ಫಾಸ್ಫೇಟ್ ಜಾತಿಯದು ಸ್ವಲ್ಪ ತೂಕ ಹೆಚ್ಚು, ಆದರೆ ಬೇಗ ಉರಿಯುವಂಥದಲ್ಲ. ಸಿಕ್ಕಿದರೆ ಅದನ್ನೇ ತೆಗೆದುಕೊಳ್ಳಿರಿ.

ಇಷ್ಟನ್ನೂ ಸರಿಯಾಗಿ ಮಾಡಿಸಿದರೆ ಖರ್ಚು ಇಪ್ಪತ್ತೆರಡು ಸಾವಿರದಲ್ಲಿ ನಿಲ್ಲುವುದಿಲ್ಲ. ಹುಡುಗರು ಟಾರ್ಕ್ ಆರ್ಮನ್ನೂ ಬ್ರೇಕನ್ನೂ ಬಿಟ್ಟು ಅಗ್ಗದ ಬ್ಯಾಟರಿಗೆ ಕೈಹಾಕುವುದು ಬುದ್ಧಿಯಿಲ್ಲದೆ ಅಲ್ಲ, ಪಗಾರದಲ್ಲಿ ಅಷ್ಟೇ ಹುಟ್ಟುವುದರಿಂದ. ಹೋಟೆಲಿನ ಧಣಿಗಳು ದೋಸೆಯ ಕಾವಲಿಯನ್ನು ಅಡಿಗೆಯವನ ದುಡ್ಡಿನಲ್ಲಿ ತರಿಸುವುದಿಲ್ಲ, ಗ್ರೈಂಡರಿನ ಕಂತನ್ನು ರುಬ್ಬುವವನ ಪಗಾರದಲ್ಲಿ ಮುರಿಯುವುದಿಲ್ಲ. ಪಾರ್ಸಲಿನ ಸೈಕಲ್ಲು ಮಾತ್ರ ಹುಡುಗನದೇಕೆ? ಹೋಟೆಲಿನ ಕೆಲಸಕ್ಕೆ ಓಡುವ ಸೈಕಲ್ಲು ಹೋಟೆಲಿನದಾಗಿರಬೇಕು. ಚಾರ್ಜು ಹೋಟೆಲಿನ ಮೀಟರಿನಲ್ಲಿ, ಹಗಲು ಹೊತ್ತು, ಗ್ಯಾಸಿನಿಂದ ದೂರ, ಎಚ್ಚರವಿರುವವರ ಕಣ್ಣೆದುರು ಆಗಬೇಕು. ಜನ ಮಲಗುವ ಖೋಲಿಯಲ್ಲಿ ಕೂಡದು. ದೂರ ಹೆಚ್ಚಿದರೆ ಪಗಾರವೂ ಹೆಚ್ಚಬೇಕು. ಸ್ವಂತ ಸೈಕಲ್ಲನ್ನು ಒಪ್ಪಿಕೊಂಡು ದುಡಿಯುವವನಿಗೆ ತಿಂಗಳಿಗಿಷ್ಟು ಎಂದು ಸವಕಳಿ ಕೊಡಬೇಕು. ಇದಕ್ಕೆ ‘ಹುಡುಗನೇ ಶೋಕಿಗೆ ಹಾಕಿಸಿಕೊಂಡದ್ದಲ್ಲವೇ’ ಎಂಬ ಉತ್ತರ ಬರುತ್ತದೆ, ನನಗೂ ಬಂದಿದೆ. ಶೋಕಿಯಾದರೆ ಮೂರು ಕಿಲೋಮೀಟರು ದೂರದ ಆರ್ಡರು ಹಿಡಿದದ್ದು ಯಾರ ಶೋಕಿಗೆ?

ದೀಪಾವಳಿಗೆ ಮುಂಚೆ ಮಧ್ಯಾಹ್ನ ನಾಲ್ಕರ ಹೊತ್ತಿಗೆ, ಗಿರಾಕಿಗಳಿಲ್ಲದ ಸಮಯ ನೋಡಿ, ಹುಡುಗನೂ ನಾನೂ ಆ ಹಿರಿಯರೂ ಧಣಿಗಳ ಹತ್ತಿರ ಹೋದೆವು. ಹುಡುಗನು ನಾಲ್ಕು ತಿಂಗಳ ಲೆಕ್ಕವನ್ನು ಚೀಟಿಯಲ್ಲಿ ಬರೆದು ತಂದಿದ್ದನು: ಸರದಿ ಎಷ್ಟು, ಕಂತು ಎಷ್ಟು, ಕರೆಂಟು ಎಷ್ಟು. ಧಣಿಗಳು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಹೊಸ ಬ್ಯಾಟರಿಯ ದುಡ್ಡು ಕೊಡಲು ಒಪ್ಪಿದರು. ಈಗ ಗಲ್ಲದ ಹಿಂದಿನ ಗೋಡೆಗೆ ತಗಡಿನ ಪೆಟ್ಟಿಗೆಯಲ್ಲಿ ಚಾರ್ಜು ಆಗುತ್ತದೆ. ಹಳೆಯ ಕಂತುಗಳ ಮಾತಿಗೆ “ನೋಡೋಣ” ಎಂದರು. ಇನ್ನೂ ನೋಡುತ್ತಿದ್ದಾರೆ. ಹುಡುಗನು ಪ್ರತಿ ಒಂದನೇ ತಾರೀಖಿಗೆ ಚೀಟಿಯನ್ನು ಹೊಸದಾಗಿ ಬರೆದು ಗಲ್ಲದ ಮೇಲೆ ಇಟ್ಟು ಬರುತ್ತಾನೆ.