ಯಾವ ಬ್ಯಾಂಡ್ ನೋಡೋಕೆ ಬಂದ್ರಿ?

ಟೋಕಿಯೋದ ಶಿಮೋಕಿತಝಾವಾ ಸ್ಟೇಷನ್‌ನಿಂದ ಐದು ನಿಮಿಷ ನಡೆದರೆ ಒಂದು ಹಳೇ ಬಟ್ಟೆ ಅಂಗಡಿ. ಅದರ ಪಕ್ಕದಲ್ಲೇ ಇಬ್ಬರು ಒಟ್ಟಿಗೆ ಇಳಿಯೋಕಾಗದಷ್ಟು ಕಿರಿದಾದ ಮೆಟ್ಟಿಲು. ಗೋಡೆ ತುಂಬ ಒಂದರ ಮೇಲೊಂದು ಅಂಟಿಸಿದ ಸ್ಟಿಕ್ಕರ್‌ಗಳು. ಕೆಳಗೆ ಲೈವ್ ಹೌಸ್. ಅಂದ್ರೆ ಬ್ಯಾಂಡ್‌ಗಳು ನುಡಿಸೋ ನೆಲಮಾಳಿಗೆ, ನೂರು ಜನ ನಿಂತರೆ ಭರ್ತಿ. ಈ ಏರಿಯಾದಲ್ಲಿ ಇಂಥವು ಬೇಕಾದಷ್ಟಿವೆ.

ಆಫೀಸಿನಲ್ಲಿ ನಮ್ಮ ಪಕ್ಕದ ಟೀಮಿನವರೊಬ್ಬರು ಡ್ರಮ್ಸ್ ಬಾರಿಸ್ತಾರೆ. ನಾನು ಜಪಾನಿಗೆ ಬಂದ ಮೊದಲ ವಾರ ವಾರ್ಡ್ ಆಫೀಸಿಗೆ, ಬ್ಯಾಂಕಿಗೆ ನನ್ನ ಜೊತೆ ಅಲೆದವರು ಅವರೇ. ಅವರಿಂದಾಗಿ ಬ್ಯಾಂಡಿನ ಉಳಿದ ಮೂವರೂ ಗೆಳೆಯರಾದರು. ಆ ಶುಕ್ರವಾರ ಅವರ ಶೋ. "ರಿಲೀಸ್ ಇದೆ, ಬರೋಕಾಗಲ್ಲ" ಅಂತ ಮೊದಲೇ ಹೇಳಿಬಿಟ್ಟಿದ್ದೆ. ಸಂಜೆ ಆರಕ್ಕೆ ರಿಲೀಸ್ ಮುಂದಕ್ಕೆ ಹೋಯ್ತು. ಸರಿ, ಹೇಳದೆ ಹೋಗಿ ಸರ್‌ಪ್ರೈಸ್ ಕೊಡೋಣ ಅಂತ ಹೊರಟೆ.

ಬಾಗಿಲಲ್ಲಿ ಟಿಕೆಟ್ 2,400 ಯೆನ್, ಜೊತೆಗೆ ಡ್ರಿಂಕ್‌ಗೆ 600. ಕುಡಿಯದಿದ್ದರೂ ಆ 600 ಕೊಡಲೇಬೇಕು. ಕಾಗದದ ಮೇಲೆ ಇಂಥ ಜಾಗಗಳಲ್ಲಿ ಬಹಳಷ್ಟು ರೆಸ್ಟೋರೆಂಟ್‌ಗಳೇ ಅಂತೆ. ದುಡ್ಡು ತಗೊಂಡ ಹುಡುಗಿ ಕೇಳಿದಳು: "ಇವತ್ತು ಯಾವ ಬ್ಯಾಂಡ್ ನೋಡೋಕೆ ಬಂದ್ರಿ?"

ಅವತ್ತು ಒಟ್ಟು ಐದು ಬ್ಯಾಂಡ್. ಒಂದರ ಹೆಸರು ಹೇಳಿದರೆ ಉಳಿದವರಿಗೆ ಅವಮಾನ ಅನ್ನಿಸಿತು. ಜಪಾನೀಯರ ಮರ್ಯಾದೆ ಕಲಿತಿದ್ದೀನಿ ಅನ್ನೋ ಜಂಬ ಬೇರೆ. "ಝೆಂಬು" ಅಂದೆ. ಎಲ್ಲಾ ಅಂತ. ಆಕೆ ನಕ್ಕು, ಮುಂದಿದ್ದ ಹಾಳೆಯ ಕೊನೇ ಕಾಲಂನಲ್ಲಿ ಒಂದು ಗೀಟು ಹಾಕಿದಳು.

ನಮ್ಮವರು ಮೂರನೆಯವರು. ಒಬ್ಬೊಬ್ಬರಿಗೂ ಅರ್ಧ ಗಂಟೆ, ಅಷ್ಟೇ. ಡ್ರಮ್ ಸೆಟ್, ಆಂಪ್ಲಿಫೈಯರ್ ಎಲ್ಲಾ ಅಲ್ಲಿಯವೇ. ನಮ್ಮ ಡ್ರಮ್ಮರ್ ತಮ್ಮ ಸ್ನೇರ್, ಪೆಡಲ್ ಮಾತ್ರ ತಂದು, ತಾವೇ ಬಗ್ಗಿ ಕೂತು ಜೋಡಿಸಿಕೊಂಡರು. ಮೀಟಿಂಗ್‌ನಲ್ಲಿ ಒಂದು ವಾಕ್ಯಕ್ಕೆ ಮೂರು ಸಲ ಕ್ಷಮೆ ಕೇಳೋ ಮನುಷ್ಯ. ಕೋಲು ಕೈಗೆ ಬಂದಮೇಲೆ ಆ ಮನುಷ್ಯ ಎಲ್ಲಿ ಹೋದರೋ! ಆ ಪೆಟ್ಟು ನನ್ನ ಎದೆಗೂಡಿನಲ್ಲೇ ಬೀಳ್ತಾ ಇತ್ತು. ಜನ ಮಾತ್ರ ಸದ್ದಿಲ್ಲದೆ ನಿಂತು, ಮೆಲ್ಲಗೆ ತಲೆ ಆಡಿಸಿ, ಹಾಡು ಪೂರ್ತಿ ಮುಗಿದ ಮೇಲೆ ಚಪ್ಪಾಳೆ ಹೊಡೆಯೋರು. ಒಂದು ಶಿಳ್ಳೆ ಹಾಕೋಣ ಅಂತ ಬೆರಳು ಬಾಯಿವರೆಗೂ ಹೋಗಿತ್ತು, ಧೈರ್ಯ ಸಾಲಲಿಲ್ಲ. ನಾಲ್ಕನೇ ಹಾಡಿನಲ್ಲಿ ಡ್ರಮ್ಮರ್ ನನ್ನನ್ನು ನೋಡಿದರು. ಒಂದು ಪೆಟ್ಟು ತಪ್ಪಿತು ಅಂತ ಆಮೇಲೆ ಅವರೇ ಹೇಳಿದ್ದು.

ವಿಷಯ ಗೊತ್ತಾಗಿದ್ದು ಶೋ ಮುಗಿದು ಇಝಕಾಯಾದಲ್ಲಿ ಕೂತಾಗ. ಇಝಕಾಯಾ ಅಂದ್ರೆ ಬಿಯರ್ ಜೊತೆ ಚೂರುಪಾರು ತಿನ್ನೋ ಜಾಗ. ಟೇಬಲ್ ಮೇಲೆ ಗಿಟಾರಿಸ್ಟ್ ಹಣ ಎಣಿಸ್ತಾ ಇದ್ದ. ಗಳಿಕೆ ಹಂಚ್ಕೋತಿದ್ದಾರೆ ಅಂದುಕೊಂಡೆ. ಅಲ್ಲ, ಕಟ್ಟಿದ್ದನ್ನು ಹಂಚ್ಕೋತಿದ್ದರು.

ಅದಕ್ಕೆ 'ನೊರುಮಾ' ಅಂತಾರೆ. ಪದ ರಷ್ಯನ್ನಿನದು. ಎರಡನೇ ಮಹಾಯುದ್ಧದ ನಂತರ ಸೈಬೀರಿಯಾದ ಶಿಬಿರಗಳಲ್ಲಿ ಸೆರೆಯಿದ್ದು ಮರಳಿದ ಜಪಾನೀಯರ ಜೊತೆ ಬಂತು. ಅಲ್ಲಿ ದಿನಕ್ಕೆ ಇಷ್ಟು ಕೆಲಸ ಅನ್ನೋ ಲೆಕ್ಕ, ಇಲ್ಲಿ ಶೋಗೆ ಇಷ್ಟು ಟಿಕೆಟ್ ಅನ್ನೋ ಲೆಕ್ಕ. ನಮ್ಮವರಿಗೆ ಹಾಕಿದ್ದು 20. ಅವರ ಹೆಸರು ಹೇಳಿ ಒಳಗೆ ಬಂದವರು 13. ಉಳಿದ ಏಳರ 16,800 ಯೆನ್ ಬ್ಯಾಂಡಿನವರೇ ಕಟ್ಟಬೇಕು. ತಲೆಗೆ 4,200.

ನಮ್ಮೂರು ಹಾಸನದಲ್ಲಿ ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾದವರು ಅಡ್ವಾನ್ಸ್ ಕೈಗೆ ಬರದೆ ಮೈಕ್ ಮುಟ್ಟೋರಲ್ಲ. ಇವರೋ ನುಡಿಸೋಕೆ ದುಡ್ಡು ಕೊಡ್ತಾರೆ. ಹಾಡೋ ಹುಡುಗ ಕನ್ವೀನಿಯನ್ಸ್ ಸ್ಟೋರಿನಲ್ಲಿ ರಾತ್ರಿ ಪಾಳಿ ಮಾಡ್ತಾನೆ. ಬೇಸಿಸ್ಟ್‌ಗೆ ಮುಂದಿನ ತಿಂಗಳು ಮಗು. ಲೈವ್ ಹೌಸಿನವರನ್ನು ಬೈಯೋಣ ಅಂದ್ರೆ ಅವರಿಗೂ ಬಾಡಿಗೆ, ಸೌಂಡ್ ಇಂಜಿನಿಯರ್ ಸಂಬಳ, ಕರೆಂಟು ಇದೆ. ಆದರೂ ನಷ್ಟದ ಭಾರವೆಲ್ಲ ಹಾಡೋರ ತಲೆ ಮೇಲೇ ಯಾಕೆ ಅನ್ನೋದು ನನಗಿನ್ನೂ ಅರಗಿಲ್ಲ.

ಅಷ್ಟರಲ್ಲಿ ಬೇಸಿಸ್ಟ್ ನನ್ನ ಕಡೆ ತಿರುಗಿ, "ನೀವು ಬಂದಿದ್ರಿಂದ 13 ಆಯ್ತು, ಇಲ್ಲಾಂದ್ರೆ 12" ಅಂತ ತಲೆ ಬಾಗಿಸಿದ.

ನನ್ನ ಗ್ಲಾಸ್ ಅಲ್ಲೇ ನಿಂತಿತು. ಆ ಕೊನೇ ಕಾಲಂ ಕಣ್ಣಿಗೆ ಬಂತು. "ನಾನು ಝೆಂಬು ಅಂದೆ" ಅಂದೆ.

ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಡ್ರಮ್ಮರ್ ಹೊಟ್ಟೆ ಹಿಡಿದು ನಗೋಕೆ ಶುರು ಮಾಡಿದರು, ಉಳಿದವರೂ ಸೇರಿದರು. 2,400 ಯೆನ್ ಟೇಬಲ್ ಮೇಲಿಟ್ಟೆ. ತಳ್ಳಿದರು. ಮತ್ತೆ ಇಟ್ಟೆ, ಮತ್ತೆ ತಳ್ಳಿದರು. ಕೊನೆಗೆ ಆ ರೌಂಡಿನ ಬಿಯರ್ ಬಿಲ್ ಮಾತ್ರ ಕೊಡಗೊಟ್ಟರು. ಆದರೆ ನಗು ಆರಿದ ಮೇಲೆ ಬೇಸಿಸ್ಟ್, ಕೈಲಿದ್ದ ನೋಟುಗಳನ್ನೇ ನೋಡ್ತಾ, "ಇನ್ನು ಎರಡು ಶೋ. ಎರಡರಲ್ಲೂ 20 ಆಗದಿದ್ರೆ ನಾನು ನಿಲ್ಲಿಸ್ತೀನಿ" ಅಂದ. ಯಾರೂ ಬೇಡ ಅನ್ನಲಿಲ್ಲ. ಹನ್ನೆರಡು ದಾಟುವ ಹೊತ್ತಿಗೆ ಕೊನೇ ರೈಲಿಗೆ ಎಲ್ಲರೂ ಓಡಿದೆವು, ಡ್ರಮ್ಮರ್ ಸ್ನೇರ್ ಚೀಲ ಎದೆಗೆ ಅಪ್ಪಿಕೊಂಡು.

ಮುಂದಿನ ಶೋ ಈ ತಿಂಗಳ ಕೊನೇ ಶುಕ್ರವಾರ. ನಮ್ಮ ಟೀಮಿನಿಂದ ಐದು ಜನ, ನನ್ನ ಫ್ಲೋರಿನ ತೆಲುಗು ದಂಪತಿ, ಒಟ್ಟು ಏಳು ಆಗಿದೆ. ಊಟದ ಹೊತ್ತಿನಲ್ಲಿ ಎಲ್ಲರಿಗೂ ಬ್ಯಾಂಡಿನ ಹೆಸರು ಬಾಯಿಪಾಠ ಮಾಡಿಸ್ತಾ ಇದ್ದೀನಿ.