ಲಾರಿಗೆ ಮೊದಲು ಸೈಕಲ್ ಕಟ್ಟಿರಿ

ಜರ್ಮನಿಯಲ್ಲಿ ನೌಕರಿ ಮಾಡುತ್ತಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ಆಗಸ್ಟಿನಲ್ಲಿ ಒಂದು ಛಾಯಾಚಿತ್ರ ಕಳುಹಿಸಿದ್ದ. ರಜೆಗೆಂದು ಹೆಂಡತಿ ಮಗಳೊಡನೆ ಇಟಲಿಗೆ ಹೊರಟಿದ್ದನಂತೆ. ಮುಂದೆ ಕಾರು, ಅದರ ಬೆನ್ನಿಗೆ ಕೊಂಡಿ ಹಾಕಿ ಎಳೆದೊಯ್ಯುವ ಗಾಲಿಯ ಮನೆ. ಅದಕ್ಕೆ ಕಾರವಾನ್ ಎನ್ನುತ್ತಾರೆ. ಕಾರನ್ನೂ ಆ ಮನೆಯನ್ನೂ ಜೋಡಿಸುವ ಕಬ್ಬಿಣದ ಮೂಕಿಯ ಮೇಲೆ ಒಂದು ಚೌಕಟ್ಟು, ಅದರಲ್ಲಿ ಎರಡು ಸೈಕಲ್ಲುಗಳು. ಒಂದು ದೊಡ್ಡದು, ಒಂದು ಮಗಳ ಪುಟ್ಟ ಸೈಕಲ್ಲು. ಕೆಳಗೆ ಬರೆದಿದ್ದ: "ಸರ್, ತೀರ ಹಿಂದಕ್ಕೆ ಕಟ್ಟಿದರೆ ಭಾರ ಹಿಂಬದಿಗೆ ಬಿದ್ದು ಗಾಡಿ ಅತ್ತಿತ್ತ ಹೊಯ್ದಾಡುತ್ತದೆ. ಅದಕ್ಕೇ ಮುಂದೆ ಕಟ್ಟಿದ್ದೇವೆ. ಸೈಕಲ್ಲು ಬಿಟ್ಟು ಬರುವುದಾದರೆ ನಾನೂ ಬರುವುದಿಲ್ಲ ಎಂದು ಮಗಳು ಹಟ ಹಿಡಿದಳು."

ಚಿತ್ರ ನೋಡಿ ಸಂತೋಷವಾಯಿತು. ಆದರೆ ಆ ರಾತ್ರಿ ನಿದ್ರೆ ಬರಲಿಲ್ಲ. ಹಟ ಹಿಡಿಯಲು ಬಾರದ ಇನ್ನೊಬ್ಬ ಹುಡುಗಿಯ ಸೈಕಲ್ಲು ಕಣ್ಣ ಮುಂದೆ ಬಂದು ನಿಂತಿತು.

ಅದು 2008ನೆಯ ಇಸವಿ. ಆಗ ನಾನು ಔರಾದ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿದ್ದೆ. ಎಂಟನೆಯ ತರಗತಿಯ ಮಕ್ಕಳಿಗೆ ಸರಕಾರ ಉಚಿತವಾಗಿ ಸೈಕಲ್ ಕೊಡುವ ಯೋಜನೆ 2006-07ರಲ್ಲಿ ಆರಂಭವಾಗಿತ್ತು. ಸೈಕಲ್ ಬಂದ ದಿನ ಶಾಲೆಯ ಅಂಗಳ ಜಾತ್ರೆಯಂತಾಗುತ್ತಿತ್ತು. ತಾಂಡಾದಿಂದ ಬರುತ್ತಿದ್ದ ಒಬ್ಬ ಹುಡುಗಿ ಸೀಟಿನ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ತಿಂಗಳಾದರೂ ತೆಗೆದಿರಲಿಲ್ಲ. ಪ್ರತಿದಿನ ನಾಲ್ಕು ಕಿಲೋಮೀಟರು ತುಳಿದು ಬಂದು, ಬೇವಿನ ಗಿಡದ ನೆರಳಿಗೆ ಸೈಕಲ್ ನಿಲ್ಲಿಸಿ, ಒಮ್ಮೆ ತಿರುಗಿ ನೋಡಿ ತರಗತಿಗೆ ಬರುತ್ತಿದ್ದಳು.

ದೀಪಾವಳಿ ಮುಗಿದ ಮೇಲೆ ಒಂದು ದಿನ ಹಾಜರಿ ಕರೆಯುವಾಗ ಅವಳಿರಲಿಲ್ಲ. ಸಂಜೆ ತಾಂಡಾಕ್ಕೆ ಹೋದೆ. ಕಬ್ಬು ಕಡಿಯುವ ಟೋಳಿ ಹೊರಡಲು ಸಿದ್ಧವಾಗಿ ಲಾರಿ ನಿಂತಿತ್ತು. ಹಿಟ್ಟಿನ ಚೀಲ, ಕೊಡ, ಹಾಸಿಗೆ, ಗುಡಿಸಲಿಗೆ ಬೇಕಾದ ತಾಡಪಾಲು, ಎರಡು ಆಡು, ಒಂದು ಕೋಳಿ ಪಂಜರ. ಎಲ್ಲದರ ಮೇಲೆ ಸೈಕಲ್ಲನ್ನಿಟ್ಟು ಹುಡುಗಿಯ ತಂದೆ ಹಗ್ಗ ಬಿಗಿಯುತ್ತಿದ್ದ. ನನ್ನನ್ನು ಕಂಡು ಕೆಳಗಿಳಿದು, "ಸರ್ರ, ಇದು ಸರಕಾರದ್ದ ಐತಿ. ಒಯ್ಯಬೌದೇನ್ರಿ?" ಎಂದು ಕೇಳಿದ.

ನಾನು ಹೇಳಿದ ಮಾತು ಇಂದಿಗೂ ನನಗೆ ನೆನಪಿದೆ. "ಇದು ಶಾಲೆಗೆ ಬರಲೆಂದು ಕೊಟ್ಟದ್ದಪ್ಪ. ಲಾರಿಯ ಮೇಲೆ ಹಾಳಾಗುತ್ತದೆ. ಊರಲ್ಲೇ ಇರಲಿ, ತಿರುಗಿ ಬಂದ ಮೇಲೆ ಬೇಕಲ್ಲ" ಎಂದೆ. ಸರಕಾರದ ಸೊತ್ತು ಉಳಿಯಲಿ ಎಂಬುದು ಒಂದು ಲೆಕ್ಕ. ಸೈಕಲ್ಲಿನ ಆಸೆಗಾದರೂ ಹುಡುಗಿ ಬೇಗ ಮರಳಿಯಾಳು ಎಂಬುದು ಇನ್ನೊಂದು. ಅವನು ಮರುಮಾತಾಡದೆ ಹಗ್ಗ ಬಿಚ್ಚಿದ. ಲಾರಿ ಹೊರಟಿತು. ಸೈಕಲ್ಲು ಅಜ್ಜಿಯ ಗುಡಿಸಲ ಗೋಡೆಗೆ ಒರಗಿತು.

ಯುಗಾದಿಯ ಹೊತ್ತಿಗೆ ಅವರು ಮರಳಿದರು. ಟಯರು ಬಿಸಿಲಿಗೆ ಸೀಳಿತ್ತು, ಸರಪಳಿ ತುಕ್ಕು ಹಿಡಿದಿತ್ತು. ಅವರು ಬಿಡಾರ ಹೂಡಿದ್ದು ಬಾಗಲಕೋಟೆ ಜಿಲ್ಲೆಯ ಒಂದು ಕಬ್ಬಿನ ಹೊಲದ ಬಳಿ. ಕನ್ನಡ ಶಾಲೆಯೇನೋ ಇತ್ತು. "ಸಾಲಿ ಆರು ಕಿಲೋಮೀಟರ್ ಇತ್ರಿ ಸರ್. ಸೈಕಲ್ ಇದ್ದಿದ್ರ ಹೋಗ್ತಿದ್ದೆ" ಎಂದಳು. ಅವಳ ಧ್ವನಿಯಲ್ಲಿ ದೂರಿರಲಿಲ್ಲ. ದೂರಿದ್ದರೆ ನನ್ನ ಮನಸ್ಸಿಗೆ ಇಷ್ಟು ಭಾರವಾಗುತ್ತಿರಲಿಲ್ಲವೇನೋ. ಆ ವರ್ಷ ಅವಳಿಗೆ ತಪ್ಪಿತು. ಮರುವರ್ಷ ತನಗಿಂತ ಚಿಕ್ಕವರೊಡನೆ ಕೂರಲು ನಾಚಿ ಶಾಲೆಯನ್ನೇ ಬಿಟ್ಟಳು.

ಅಂದಿನಿಂದ ನನ್ನ ಅಭಿಪ್ರಾಯ ಬದಲಾಗಿದೆ. ಗುಳೆ ಹೊರಡುವ ಕುಟುಂಬ ಲಾರಿಗೆ ಕಟ್ಟಬೇಕಾದ ಮೊದಲ ಸಾಮಾನು ಮಕ್ಕಳ ಸೈಕಲ್ಲು. ಕೊನೆಗೆ ಜಾಗ ಉಳಿದರೆ ಇಡೋಣ ಎಂದರೆ ಜಾಗ ಎಂದೂ ಉಳಿಯುವುದಿಲ್ಲ.

ಪ್ರಯಾಣದಲ್ಲಿ ತನ್ನ ವಾಹನವನ್ನೇ ಹೊತ್ತೊಯ್ಯುವುದು ವಿಚಿತ್ರವೆಂದು ಕೆಲವರಿಗೆ ತೋರಬಹುದು. ಬೀದರಿನವರಾದ ನಮಗೆ ಹಾಗೆ ತೋರಬಾರದು. ಸಾರ್ಥ, ಕಾಫಿಲಾಗಳನ್ನು ಕಂಡು ಬೆಳೆದ ಊರಿದು. ಬಹಮನಿ ಅರಸರ ಕಾಲದಲ್ಲಿ, 1470ರ ಸುಮಾರಿಗೆ, ಅಫನಾಸಿ ನಿಕಿಟಿನ್ ಎಂಬ ರಷ್ಯಾದ ವ್ಯಾಪಾರಿ ಬೀದರಿಗೆ ಬಂದಿದ್ದ. ಅವನು ಹೊರ್ಮುಜ್‌ನಿಂದ ಒಂದು ಗಂಡುಕುದುರೆಯನ್ನು ಹಡಗಿನಲ್ಲಿ ಹೇರಿಕೊಂಡು ಕಡಲು ದಾಟಿ ಚೌಲ್ ಬಂದರಿಗೆ ತಂದ. ಜುನ್ನಾರದಲ್ಲಿ ಅಲ್ಲಿನ ಅಧಿಕಾರಿ ಅದನ್ನು ಕಿತ್ತುಕೊಂಡ. ಬಹಳ ಪಾಡುಪಟ್ಟು ಮರಳಿ ಪಡೆದು, ಕೊನೆಗೆ ಬೀದರಿನಲ್ಲಿ ಮಾರಿದ. ದಾರಿಯುದ್ದಕ್ಕೂ ಅದಕ್ಕೆ ಮೇವು ನೀರು ಒದಗಿಸುವ ತೊಂದರೆಯನ್ನು ಅವನು ಸಹಿಸಿದ್ದು ಅದರ ಬೆಲೆ ತಿಳಿದಿದ್ದರಿಂದ. ಎತ್ತುಗಳ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ದಖನ್ನಿನ ಉದ್ದಗಲ ತಿರುಗಿದ ಲಂಬಾಣಿಗರ ಸಾಲಿಗೂ ತಾಂಡಾ ಎಂದೇ ಹೆಸರು. ಚಲಿಸುತ್ತಿದ್ದ ಸಾರ್ಥದ ಹೆಸರು ಇಂದು ನೆಲೆ ನಿಂತ ಊರಿಗೆ ಉಳಿದುಕೊಂಡಿದೆ. ಆದರೆ ವರ್ಷದಲ್ಲಿ ಐದಾರು ತಿಂಗಳು ಆ ಊರು ಮತ್ತೆ ಚಲಿಸುತ್ತದೆ.

ಹೀಗೆ ಚಲಿಸುವಾಗ ಲೆಕ್ಕ ಇಡುವವನು ಮುಕಾದಮ. ಮುಂಗಡ ಕೊಡುವವನೂ ಅವನೇ, ಲಾರಿ ಗೊತ್ತು ಮಾಡುವವನೂ ಅವನೇ. ಗಂಡ ಹೆಂಡತಿ ಸೇರಿದರೆ ಒಂದು ಕೊಯ್ತಾ. ಇಷ್ಟು ಕೊಯ್ತಾಗಳಿಗೆ ಇಷ್ಟು ಜಾಗ. ಆ ಲೆಕ್ಕದಲ್ಲಿ ಮಕ್ಕಳಿಲ್ಲ. ಮಕ್ಕಳೇ ಇಲ್ಲದ ಲೆಕ್ಕದಲ್ಲಿ ಮಕ್ಕಳ ಸೈಕಲ್ಲಿಗೆ ಜಾಗ ಎಲ್ಲಿಂದ ಬರಬೇಕು?

"ಮಕ್ಕಳನ್ನು ಕರೆದೊಯ್ಯುವುದೇ ತಪ್ಪು, ಊರಲ್ಲೇ ಬಿಟ್ಟು ಹೋಗಲಿ" ಎನ್ನುವ ಮಿತ್ರರಿದ್ದಾರೆ. ಅವರ ಮಾತಿನಲ್ಲಿ ಸತ್ಯವಿದೆ. ಗುಳೆ ಹೋದವರ ಮಕ್ಕಳಿಗಾಗಿ ಋತುಮಾನ ವಸತಿ ಶಾಲೆಗಳ ವ್ಯವಸ್ಥೆಯಿದೆ. ಅದು ಹತ್ತಿರದಲ್ಲಿ ಸಿಕ್ಕರೆ ಅದಕ್ಕಿಂತ ಉತ್ತಮವಾದುದಿಲ್ಲ. ಆದರೆ ಹದಿಮೂರು ವರ್ಷದ ಮಗಳನ್ನು ಕಣ್ಣು ಮಂಜಾದ ಅಜ್ಜಿಯ ಬಳಿ ಬಿಟ್ಟು ಆರು ತಿಂಗಳು ದೂರವಿರಲು ಯಾವ ತಾಯಿಗೆ ಧೈರ್ಯ ಬಂದೀತು? ಅಲ್ಲದೆ ಬಿಡಾರದಲ್ಲಿ ಕೂಸನ್ನು ನೋಡಿಕೊಳ್ಳುವವರೂ ಬೇಕು. ಹೋಗಬಾರದು ಎಂದು ನಾವು ಹೇಳುತ್ತಲೇ ಇರುತ್ತೇವೆ, ಅವರು ಹೋಗುತ್ತಲೇ ಇರುತ್ತಾರೆ. ಹೋಗುವುದು ನಿಶ್ಚಯವಾದ ಮೇಲೆ ಶಾಲೆಯ ದಾರಿಯೂ ಅವರೊಡನೆ ಹೋಗಲಿ ಎಂಬುದಷ್ಟೇ ನನ್ನ ವಾದ.

ಕಾನೂನು ಈ ವಿಷಯದಲ್ಲಿ ನಮ್ಮ ಪರವಾಗಿಯೇ ಇದೆ. 2009ರಲ್ಲಿ ಅಂಗೀಕಾರವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ 5ನೆಯ ಕಲಮಿನಂತೆ ಮಗು ರಾಜ್ಯದ ಒಳಗಾಗಲಿ ಹೊರಗಾಗಲಿ ಬೇರೆ ಶಾಲೆಗೆ ವರ್ಗವಾಗಬಹುದು. ಮುಖ್ಯೋಪಾಧ್ಯಾಯರು ವರ್ಗಾವಣೆ ಪತ್ರವನ್ನು ಕೂಡಲೇ ಕೊಡಬೇಕು. ಪತ್ರ ತಡವಾಯಿತೆಂಬ ನೆಪದಲ್ಲಿ ಹೊಸ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ಆದರೆ ಈ ರಕ್ಷಣೆ ಎಂಟನೆಯ ತರಗತಿಯವರೆಗೆ ಮಾತ್ರ. ನಮ್ಮಲ್ಲಿ ಸೈಕಲ್ ಕೈಗೆ ಬರುತ್ತಿದ್ದುದೂ ಎಂಟರಲ್ಲಿಯೇ. ಸೈಕಲ್ ಬಂದ ಮರುವರ್ಷವೇ ಹಕ್ಕು ಮುಗಿಯುತ್ತದೆ! ಒಂಬತ್ತು, ಹತ್ತನೆಯ ತರಗತಿಗೂ ಇದೇ ನಿಯಮ ಅನ್ವಯವಾಗಬೇಕು. ಉಚಿತ ಸೈಕಲ್ ಯೋಜನೆಯಾದರೂ ಕೋವಿಡ್ಡಿನ ವರ್ಷವಾದ 2020ರಲ್ಲಿ ನಿಂತಿತು. ತಂದೆ ತಾಯಿ ಮುಂಗಡದ ಹಣದಲ್ಲಿ ಕೊಂಡ ಸೈಕಲ್ಲಾದರೆ ಅದನ್ನು ಬಿಟ್ಟು ಹೋಗುವುದು ಇನ್ನೂ ದೊಡ್ಡ ನಷ್ಟ.

ಇನ್ನು ಕಟ್ಟುವ ಕ್ರಮ. ಮೇಷ್ಟ್ರಾದವನು ಉಪದೇಶ ಮಾಡಿ ಕೈತೊಳೆದುಕೊಳ್ಳಬಾರದು, ಮಾಡುವ ಬಗೆಯನ್ನೂ ಹೇಳಬೇಕು. ಮೈಲೂರಿನ ನಮ್ಮ ಮನೆಯ ಬಳಿ ಸೈಕಲ್ ರಿಪೇರಿ ಮಾಡುವ ಒಬ್ಬ ಹಿರಿಯರಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತೇನೆ. ಮೊದಲು ಪೆಡಲುಗಳನ್ನು ಬಿಚ್ಚಿ ಚೀಲಕ್ಕೆ ಹಾಕಬೇಕು. ಬಲಗಡೆಯ ಪೆಡಲು ಎಲ್ಲ ಬೋಲ್ಟುಗಳಂತೆ ಎಡಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಎಡಗಡೆಯದಕ್ಕೆ ಮರೆ ತಿರುಗು, ಬಲಕ್ಕೆ ತಿರುಗಿಸಬೇಕು. ಇದು ತಿಳಿಯದೆ ಎಷ್ಟೋ ಜನ ಅದನ್ನು ಇನ್ನಷ್ಟು ಬಿಗಿದು ಹಾಳುಮಾಡುತ್ತಾರೆ. ಹ್ಯಾಂಡಲಿನ ನಡುವಿನ ಬೋಲ್ಟು ಸಡಿಲಿಸಿ ಹ್ಯಾಂಡಲನ್ನು ಚೌಕಟ್ಟಿನ ಸಾಲಿಗೆ ತಿರುಗಿಸಿದರೆ ಸೈಕಲ್ಲು ಹಲಗೆಯಂತೆ ತೆಳ್ಳಗಾಗುತ್ತದೆ. ಹಗ್ಗ ಹಾಕಬೇಕಾದದ್ದು ಚೌಕಟ್ಟಿನ ಕೊಳವೆಗೆ. ಗಾಲಿಯ ಕಡ್ಡಿಗಾಗಲಿ ಬ್ರೇಕಿನ ತಂತಿಗಾಗಲಿ ಅಲ್ಲ. ಮುಂದೊಂದು, ಹಿಂದೊಂದು ಕಟ್ಟು. ಎರಡು ಸೈಕಲ್ಲುಗಳ ನಡುವೆ ಗೋಣಿಚೀಲ. ಸರಪಳಿಯ ಬದಿ ಮೇಲಿರಲಿ.

ಎಲ್ಲಕ್ಕಿಂತ ಮುಖ್ಯವಾದುದು, ಸೈಕಲ್ಲು ಗಾಡಿಯ ಪಕ್ಕಕ್ಕೆ ಚಾಚಬಾರದು, ಹಿಂದಿನ ದೀಪವನ್ನೂ ನಂಬರ್ ಫಲಕವನ್ನೂ ಮರೆಮಾಡಬಾರದು. ಟ್ರ್ಯಾಕ್ಟರಿನ ಟ್ರಾಲಿಗಳು ನಸುಕಿನ ಕತ್ತಲಲ್ಲಿ ಓಡುವಾಗ ಬದಿಗೆ ಜೋತುಬಿದ್ದ ಒಂದು ಹ್ಯಾಂಡಲು ಎದುರಿನಿಂದ ಬರುವ ಮೋಟಾರ್ ಸೈಕಲ್ ಸವಾರನ ಪ್ರಾಣಕ್ಕೆ ಎರವಾಗಬಹುದು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯಂತೆ ಮಿತಿ ಮೀರಿ ಹೊರಚಾಚಿದ ಹೇರಿಗೆ 20,000 ರೂಪಾಯಿ ದಂಡವಿದೆ. ನಿಯಮ ಸರಿಯೇ. ಆದರೆ ದಂಡದ ಹೆದರಿಕೆಯಿಂದ ಚಾಲಕರು ಸೈಕಲ್ಲನ್ನೇ ಬೇಡವೆನ್ನುವಂತಾಗಬಾರದು. ನನ್ನ ವಿದ್ಯಾರ್ಥಿ ಹೋದ ಇಟಲಿಯಲ್ಲಿಯೂ, ಸ್ಪೇನಿನಲ್ಲಿಯೂ ವಾಹನದ ಹಿಂದೆ ಸೈಕಲ್ಲು ಚಾಚಿಕೊಂಡಿದ್ದರೆ 50 ಸೆಂಟಿಮೀಟರ್ ಚೌಕದ, ಕೆಂಪು ಬಿಳಿ ಓರೆಪಟ್ಟೆಗಳ ಫಲಕ ತೂಗುಹಾಕಬೇಕೆಂಬ ನಿಯಮವಿದೆ. ಅವರು ಒಯ್ಯಬೇಡಿ ಎನ್ನಲಿಲ್ಲ. ಕಾಣುವಂತೆ ಒಯ್ಯಿರಿ ಎಂದರು. ನಮ್ಮಲ್ಲಿಯೂ ಲಾರಿಯ ತಲೆಯ ಮೇಲೋ ಒಳಬದಿಯ ಪಕ್ಕದ ಹಲಗೆಗೋ ಒಂದು ಕಬ್ಬಿಣದ ಚೌಕಟ್ಟು ಕೂರಿಸುವುದು ವೆಲ್ಡಿಂಗ್ ಅಂಗಡಿಯಲ್ಲಿ ಅರ್ಧ ದಿನದ ಕೆಲಸ. ಕುಳಿತು ಹೋಗುವ ಜನರ ಜಾಗವನ್ನು ಮಾತ್ರ ಸೈಕಲ್ಲು ಕಸಿಯಬಾರದು.

ಹಾಗಾದರೆ ಯಾರು ಏನು ಮಾಡಬೇಕು? ಟೋಳಿಯನ್ನು ಕರೆಸಿಕೊಳ್ಳುವ ಸಕ್ಕರೆ ಕಾರ್ಖಾನೆಗಳು ಸಾಗಣೆಯ ಕರಾರಿನಲ್ಲಿ ಶಾಲೆಯ ಮಗುವಿಗೊಂದು ಸೈಕಲ್ಲು ಎಂಬ ಒಂದೇ ಸಾಲು ಸೇರಿಸಲಿ. ಮುಕಾದಮರು ಕೊಯ್ತಾದ ಜೊತೆಗೆ ಮಕ್ಕಳನ್ನೂ ಎಣಿಸಲಿ. ನನ್ನ ವೃತ್ತಿಬಾಂಧವರಲ್ಲಿ ಒಂದು ವಿನಂತಿ. ತಾಂಡಾದಲ್ಲಿ ಲಾರಿ ನಿಂತಿದೆಯೆಂದು ತಿಳಿದರೆ ಹಾಜರಿ ಪುಸ್ತಕದಲ್ಲಿ ಗೈರು ಎಂದು ಬರೆಯುವ ಮೊದಲು ಒಮ್ಮೆ ಅಲ್ಲಿಗೆ ಹೋಗಿ ಬನ್ನಿ. ಕೈಯಲ್ಲಿ ವರ್ಗಾವಣೆ ಪತ್ರವಿರಲಿ, ಬಿಡಾರದ ಊರಿನ ಶಾಲೆಯ ಹೆಸರಿರಲಿ, ಸಾಧ್ಯವಾದರೆ ಒಂದು ಸ್ಪ್ಯಾನರೂ ಇರಲಿ.

ಸೈಕಲ್ಲು ಹೋದ ಮಾತ್ರಕ್ಕೆ ಹುಡುಗಿ ಶಾಲೆಗೆ ಹೋದಾಳು ಎಂಬ ಖಾತರಿಯಿಲ್ಲವೆಂದು ನನಗೂ ಗೊತ್ತು. ಕೂಸು ಅತ್ತೀತು, ಅಡುಗೆ ಇದ್ದೀತು, ಹೊಸ ಶಾಲೆಯ ಮಕ್ಕಳು ನಕ್ಕಾರು. ಆದರೆ ಸೈಕಲ್ಲು ಗೋಡೆಗೆ ಒರಗಿಯೇ ಉಳಿದರೆ ಅವಳು ಹೋಗಲಾರಳು ಎಂಬುದು ಮಾತ್ರ ಖಾತರಿ. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಹಗ್ಗ ಬಿಚ್ಚಿಸಿದವನೂ ನಾನೇ.

ದೀಪಾವಳಿ ಸಮೀಪಿಸುತ್ತಿದೆ. ಔರಾದ, ಭಾಲ್ಕಿಯ ರಸ್ತೆಗಳಲ್ಲಿ ಹೇರು ತುಂಬಿದ ಲಾರಿಗಳು ಇನ್ನೇನು ಕಾಣಿಸಿಕೊಳ್ಳುತ್ತವೆ. ಅವುಗಳ ಮೇಲೊಂದು ಸೈಕಲ್ಲು ಕಂಡರೆ, ಓದುಗ ಮಿತ್ರರೇ, ಸಾಮಾನಿನ ಹೊರೆಯೆಂದು ತಿಳಿಯಬೇಡಿರಿ. ಕಾಣದಿದ್ದರೆ, ಲಾರಿ ನಿಂತಲ್ಲಿ ಒಂದು ಮಾತು ಕೇಳಿರಿ: "ಮಗುವಿನ ಸೈಕಲ್ ಎಲ್ಲಿ?"